ಗೋಡೆಗೆ ಮುಖ ಮಾಡಿದ ಕುರ್ಚಿ

ಅಪ್ಪಾ,

ಎಂಪನಾಡ ಕಡುಬು ಓವನ್ನಿನಲ್ಲಿದೆ, ಬಿಸಿ ಮಾಡ್ಕೊಂಡು ತಿನ್ನು.

ಎದುರಿಗೆ ಹೇಳೋಕೆ ಧೈರ್ಯ ಸಾಲದೆ ಬರೆದಿಟ್ಟಿದ್ದೀನಿ. ಹೋದ ವಾರ ನೀನು ಕೌನ್ಸೆಲಿಂಗಿಗೆ ಬರಲಿಲ್ಲವಲ್ಲ, ಡಾಕ್ಟರ್ ಇತುರ್ಬೆ ನಮಗೆ, "ಮನೇಲಿ ಭಾನುವಾರ ಊಟಕ್ಕೆ ಹೇಗೆ ಕೂರ್ತೀರೋ ಹಾಗೇ ಇಲ್ಲಿ ಕುರ್ಚಿ ಹಾಕಿ" ಅಂದರು. ಫೌಸ್ಟೊ ಅಣ್ಣ ನಿನ್ನ ಕುರ್ಚಿಯನ್ನ ಗೋಡೆಗೆ ಮುಖ ಮಾಡಿಟ್ಟ. "ಅಪ್ಪ ಊಟ ಮುಗಿಯೋವರೆಗೂ ಕೆಂಡದ ಮುಂದೆ ಮಾಂಸ ಸುಡ್ತಾ ನಮಗೆ ಬೆನ್ನು ಹಾಕಿರ್ತಾನಲ್ಲ" ಅಂದ.

"ಹಾಗಾದ್ರೆ ನೀನೇ ಅಪ್ಪನಾಗಿ ಕೂತು ಮಾತಾಡು" ಅಂದರು ಡಾಕ್ಟರು.

ಕೂತ. ಗೋಡೆ ನೋಡ್ತಾ, "ಮಾಂಸ ಬೆಂತಾ ಅಂತ ಎಲ್ಲರೂ ಕೇಳ್ತಾರೆ. ನಾನು ಹೇಗಿದ್ದೀನಿ ಅಂತ ಒಬ್ಬರೂ ಕೇಳಲ್ಲ" ಅಂತ ಅತ್ತುಬಿಟ್ಟ. ಮೂರು ತಿಂಗಳಿಂದ ನಿನ್ನ ಜೊತೆ ಮಾತು ಬಿಟ್ಟವನು!

ಇವತ್ತು ಐದಕ್ಕೆ ಡಾಕ್ಟರ ಹತ್ರ ಬಾ. ಬಾಯಿ ಬಿಡದೆ ಕೂತರೂ ಸಾಕು. ಅಣ್ಣ ಬಸ್ ಸ್ಟಾಪಿನಲ್ಲಿ ನಿನಗೆ ಕಾಯ್ತಾನಂತೆ. ನಾನು ಹೇಳಿಕೊಟ್ಟದ್ದಲ್ಲ.

ಐಲೆನ್