ಉಮ್ಮತ್ತೂರಿನ ಕಣದಂಥ ಪಿಚ್ಚು

ಗುಂಡ್ಲುಪೇಟೆ
ಜನವರಿ ೧೮, ಭಾನುವಾರ ಸಂಜೆ

ಪ್ರೀತಿಯ ಮಲ್ಲು,

'ಮಣ್ಣು ಮಾತಾಡುತ್ತದೆ, ಕಿವಿಗೊಟ್ಟವರಿಗೆ' ಎಂದು ಎಲ್ಲೋ ಓದಿದ್ದೆ. ಕಿವಿಗೊಟ್ಟವರಿಗೆ ಎಂದಿತ್ತೋ ಕಾಲಿಟ್ಟವರಿಗೆ ಎಂದಿತ್ತೋ, ಈಗ ನೆನಪಿಲ್ಲ. ಯಾವುದೇ ಇರಲಿ, ಬರೆದವರು ಐದು ದಿನದ ಟೆಸ್ಟ್ ಮ್ಯಾಚ್ ನೋಡಿದವರಲ್ಲ. ಬಾಯಿಗೆ ಬಟ್ಟೆ ತುರುಕಿದ ಮಣ್ಣು ಯಾರೊಡನೆ ಏನು ಮಾತಾಡೀತು?

ಹೇಗಿದ್ದೀಯ ಮಗನೇ? ಊಟ ಸೇರುತ್ತಿದೆಯಾ? ಕಟ್ಟಿಕೊಟ್ಟಿದ್ದ ಹುಚ್ಚೆಳ್ಳು ಚಟ್ನಿಪುಡಿ ಮುಗಿದಿರಬೇಕು, ನಿನ್ನ ಜೊತೆಯವರೇ ಅರ್ಧ ತಿಂದಿರುತ್ತಾರೆ. ನಾವೆಲ್ಲ ಚೆನ್ನಾಗಿದ್ದೇವೆ. ಭವ್ಯ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕದ ಮೇಲೆ ಫೋನ್ ಇಟ್ಟುಕೊಂಡಿದ್ದಾಳೆ. ನಿಮ್ಮಪ್ಪ 'ನನ್ನ ಬಿ.ಪಿ. ನಿನ್ನಣ್ಣ ಬೌಲ್ ಮಾಡುವಾಗ ಮಾತ್ರ ಏರುತ್ತದೆ' ಎಂದು ಅವಳನ್ನೇ ಗದರುತ್ತಾರೆ, ತಪ್ಪು ಅವಳದೇ ಎಂಬಂತೆ. ಫೋನ್ ಮಾಡಿದರೆ ನೀನು 'ಚೆನ್ನಾಗಿದೀನಿ ಬಿಡಮ್ಮ' ಅನ್ನುತ್ತೀಯ, ಮಾತು ಮುಗಿಯುತ್ತದೆ. ಅದಕ್ಕೇ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ.

ನಿಮ್ಮ ಎರಡನೇ ಟೆಸ್ಟ್ ಟೀವಿಯಲ್ಲಿ ಪೂರ್ತಿ ನೋಡಿದೆ. ಅದನ್ನು ಆಟ ಎನ್ನಲು ನಾಚಿಕೆಯಾಗುತ್ತದೆ. ನೀವು ಹೋಗಿರುವ ದೇಶದವರು ಮೊದಲ ಟೆಸ್ಟ್ ಗೆದ್ದರು, ಸರಿ, ಚೆನ್ನಾಗಿ ಆಡಿಯೇ ಗೆದ್ದರು. ಉಳಿದ ಎರಡನ್ನು ಯಾರೂ ಗೆಲ್ಲದಿದ್ದರೆ ಸರಣಿ ಅವರದು. ಹಾಗಾಗಿ ಪಿಚ್ಚಿನ ಹುಲ್ಲನ್ನೆಲ್ಲ ಬೋಳಿಸಿ, ರೋಲರ್ ಓಡಿಸಿ ಓಡಿಸಿ, ಚೆಂಡು ನೆಗೆಯದ ಹಾಗೆ ನೆಲದ ಉಸಿರು ತೆಗೆದು ನಿಮ್ಮ ಮುಂದೆ ಹಾಸಿದರು. ಎರಡು ದಿನ ಬಿಸಿಲಲ್ಲಿ ನೀವು ಓಡಿದಿರಿ, ಅವರು ನಿಂತು ಬ್ಯಾಟ್ ಚಾಚಿದರು. ನೂರು ಹೊಡೆದ ಒಬ್ಬ ಹೆಲ್ಮೆಟ್ ತೆಗೆದು ಆಕಾಶಕ್ಕೆ ಮುಖ ಎತ್ತಿದ. ಆಕಾಶ ಇವನಿಗೇನು ಮಾಡಿತ್ತು? ರೋಲರ್‌ಗೆ ಕೈಮುಗಿಯಬೇಕಿತ್ತು. ಕಾಮೆಂಟರಿಯವರಂತೂ 'ಎಂಥ ತಾಳ್ಮೆ, ಎಂಥ ತಾಳ್ಮೆ' ಎಂದು ಜಪ ಮಾಡಿದರು. ಮಂಚದ ಮೇಲೆ ಮಲಗಿದವನ ತಾಳ್ಮೆ! ಆಮೇಲೆ ನಮ್ಮವರು ಬ್ಯಾಟ್ ಹಿಡಿದು ಬಂದಾಗ ಕಾಲುಗಳೇ ಸೋತಿದ್ದವು, ಅಂಥ ಪಿಚ್ಚಿನಲ್ಲೂ ಸಂಜೆಯೊಳಗೆ ಮೂವರು ಔಟಾದರು. ಅವರ ಬೌಲರ್ ದಣಿದರೆ ಪಕ್ಕದ ಊರಿಂದ ಇನ್ನೊಬ್ಬ ಬಸ್ ಹತ್ತಿ ಬರುತ್ತಾನೆ. ನಿಮಗಿರುವುದು ಇಲ್ಲಿಂದ ಹೊತ್ತೊಯ್ದ ಬೆನ್ನು, ಹೊತ್ತೊಯ್ದ ಮೊಣಕಾಲು, ಅಷ್ಟೇ. ನಿಮ್ಮಲ್ಲಿ ಒಬ್ಬ ಆಗಲೇ ಸೊಂಟ ಹಿಡಿದು ಊರಿಗೆ ಹೊರಟ. ಪಂದ್ಯ ಡ್ರಾ ಆಯಿತು ಎಂದು ಪೇಪರಿನವರು ಬರೆದರು. ಡ್ರಾ ಅಂತೆ! ಒಂದು ಕಡೆಯವರು ಮಾತ್ರ ಕುಂಟುತ್ತಾ ಹೋಗುವುದಕ್ಕೆ ಆ ಹೆಸರೇ?

ಕಾಲೇಜಿನಲ್ಲಿ ಇನ್ನೊಂದು ಕಥೆ. ಫಿಸಿಕ್ಸ್ ಹೇಳುವ ರಂಗಸ್ವಾಮಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, 'ಮೇಡಂ, ಮಗ ಎರಡು ದಿನ ಎಸೆದ್ರೂ ಒಂದು ವಿಕೆಟ್ ಇಲ್ವಲ್ಲ, ಬಿ.ಎಡ್. ಮಾಡ್ಸಿ, ಸೀಮೆಸುಣ್ಣ ಎಸೀಲಿ' ಅಂದರು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮನುಷ್ಯ. 'ನೀವು ಒಂದು ಓವರ್ ಓಡಿ ಸರ್, ನಾನೇ ನಿಮ್ಮನ್ನ ಆಸ್ಪತ್ರೆಗೆ ಸೇರಿಸ್ತೀನಿ' ಅಂದೆ. ನಕ್ಕರು, ಆದರೆ ಆ ನಗುವಿನಲ್ಲಿ ನೀನು ಇನ್ನು ತಂಡದಲ್ಲಿರುವುದಿಲ್ಲ ಎಂಬ ಖಾತ್ರಿಯೂ ಇತ್ತು.

ನಿನ್ನೆ ಉಮ್ಮತ್ತೂರಿಗೆ ಹೋಗಿದ್ದೆವು. ಪುಟ್ಟಮಲ್ಲಪ್ಪ ದೊಡ್ಡಪ್ಪ ಹೊಲದಲ್ಲಿ ನಿನಗೆಂದು ಪಿಚ್ ಮಾಡಿಸಿದ್ದಾರೆ, ನೀನು ಬಂದ ಮೇಲೆ ಅಭ್ಯಾಸ ಮಾಡಲೆಂದು. ಅವರಿಗೆ ಗೊತ್ತಿರುವುದು ರಾಗಿ, ಹುರುಳಿ ಒಕ್ಕುವ ಕಣ ಮಾಡುವುದು. ಹುತ್ತದ ಮಣ್ಣು ತಂದು ಹರಡಿ, ನೀರು ಹೊಡೆದು, ಗುಂಡುಕಲ್ಲು ಉರುಳಿಸಿ, ಸಗಣಿಯಲ್ಲಿ ಮತ್ತೆ ಮತ್ತೆ ಸಾರಿಸಿದ್ದಾರೆ. ನಾಲ್ಕು ಮೂಲೆಗೆ ಅರಿಶಿನ ಕುಂಕುಮ, ಮಧ್ಯೆ ಒಂದು ನಿಂಬೆಹಣ್ಣು. 'ಒಂದು ಕಾಳೂ ನೆಗೀಬಾರ್ದು ಕಣವ್ವ, ಅಂಗ್ ಮಾಡಿವ್ನಿ' ಎಂದು ಎದೆ ಉಬ್ಬಿಸಿದರು. ಭವ್ಯ ಚೆಂಡು ಎಸೆದಳು. ಕಾಳು ಮಾತ್ರವಲ್ಲ, ಚೆಂಡೂ ನೆಗೆಯಲಿಲ್ಲ, ಸಗಣಿಗೆ ಅಂಟಿಕೊಂಡು ನಮ್ಮನ್ನೇ ನೋಡಿತು. ದೊಡ್ಡಪ್ಪ ಅದನ್ನು ಎತ್ತಿ ಪಂಚೆಯಲ್ಲಿ ಒರೆಸಿ, 'ಒಣುಗ್ಲಿ ಬುಡು' ಅಂದರು. ನನಗೆ ನಗು ಬಂತು, ಬಸ್ಸಿನಲ್ಲಿ ಬರುವಾಗ ಅಳುವೂ ಬಂತು. ದೊಡ್ಡಪ್ಪ ಅಕ್ಕರೆಯಿಂದ ಮಾಡಿದ ತಪ್ಪನ್ನೇ ಆ ದೇಶದ ಕೋಟು ಹಾಕಿದ ಕ್ರಿಕೆಟ್ ಬೋರ್ಡಿನವರು ಬುದ್ಧಿಪೂರ್ವಕವಾಗಿ ಮಾಡಿದ್ದಾರೆ. ಕಾಫಿ ಕುಡಿದು ದೊಡ್ಡಪ್ಪನಿಗೆ ನಮಸ್ಕಾರ ಹೇಳಿ ಬಂದೆ. ಆ ಬೋರ್ಡಿನವರಿಗೆ ಏನು ಹೇಳಬೇಕೋ ಅದನ್ನು ಎಂ.ಎ. ಓದಿದ ಹೆಂಗಸು ಬರೆಯಬಾರದು.

ಮೂರನೇ ಟೆಸ್ಟಿಗೂ ಅದೇ ಬೋಳು ನೆಲವಂತೆ, ಟೀವಿಯಲ್ಲಿ ತೋರಿಸಿದರು. ನೀರು ಚೆನ್ನಾಗಿ ಕುಡಿ. ಪೇಪರ್ ಓದಬೇಡ. ಅಪ್ಪ ಆಶೀರ್ವಾದ ಹೇಳಿದ್ದಾರೆ, ಭವ್ಯ ಶೂ ತರಲು ಹೇಳಿದ್ದಾಳೆ. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಎರಡನೇ ದಿನ ಚಹಾ ವಿರಾಮ ಆದ ಮೇಲೆ ನಿನ್ನ ಎಡಗಾಲು ನೋಡಿದೆ. ಮುಳ್ಳಿನ ಮೇಲೆ ಊರುವವನ ಹಾಗೆ ಊರುತ್ತಿದ್ದೆ. ಹಿಮ್ಮಡಿ ಅಲ್ಲವಾ? ಫಿಸಿಯೋಗೆ ನೀನು ಹೇಳಿಲ್ಲ, ಅದೂ ಗೊತ್ತು. ಹೇಳಿದರೆ ಮೊದಲ ಪ್ರವಾಸದಲ್ಲೇ ಜಾಗ ಹೋಗುತ್ತದೆ, ಮತ್ತೆ ಕರೆಯುವುದಿಲ್ಲ ಎಂಬ ಭಯ. ಕರೆಯದೆಯೂ ಇರಬಹುದು ಮಲ್ಲು, ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೂ ನಾಳೆ ಬೆಳಿಗ್ಗೆ ತಿಂಡಿಗೆ ಮುಂಚೆ ಹೋಗಿ ಹೇಳು. ಈಗಷ್ಟೇ ಪಕ್ಕದ ಮನೆ ಗುರುಮಲ್ಲಮ್ಮ ಅವರೆಕಾಯಿ ಕೊಡಲು ಬಂದಿದ್ದರು. ಟೀವಿಯಲ್ಲಿ ನೀನು ಓಡಿ ಬರುವುದನ್ನೇ ಮತ್ತೆ ತೋರಿಸುತ್ತಿದ್ದರು. ಒಳಗೆ ಬನ್ನಿ ಅಂದರೂ ಬರದೆ, ಮಡಿಲು ಹಿಡಿದು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಅಂದರು: 'ಕಾಳೇ ಇಲ್ದಿರೋ ಕಣದಲ್ಲಿ ನಿಮ್ ಹೈದ ಅದೇನ್ ತುಳೀತಾ ಅವ್ನೆ ಕಣವ್ವ? ಎತ್ತೇ ಆಗಿದ್ರೆ ಇಷ್ಟೊತ್ಗೆ ನೊಗ ಇಳುಸ್ಬುಡ್ತಿದ್ದೊ.'