ಐವತ್ಮೂರು ದಿನದಿಂದ ಗುಂಡಿಲ್ಲ

ಅಬ್‌ಸ್ಟಾಟ್, ಜರ್ಮನಿ
೧೮ ಜನವರಿ ೨೦೦೪, ರವಿವಾರ

ಮುದ್ದಿನ ತಮ್ಮ ಪ್ರವೀಣನಿಗೆ ಅಕ್ಕನ ನೂರು ಆಶೀರ್ವಾದ.

ಹೇಗಿದ್ದೀಯಪ್ಪಾ? ನೆಗಡಿ ಹೋಯಿತೇ? ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಯಾರಿಗಾದರೂ ದಾನ ಮಾಡಿದೆಯೋ? ನಿನ್ನ ಧಾರಾಳ ಕೈ ನನಗೆ ಗೊತ್ತಿಲ್ಲವೇ! ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಮಾಮಾ ಕಂಪನಿಯ ಕೆಲಸ ತಲೆಯಲ್ಲಿಟ್ಟುಕೊಂಡು ನಿದ್ದೆಯಲ್ಲೂ ಕಾರಿನ ಬ್ರೇಕು ಬ್ರೇಕು ಎಂದು ಕನವರಿಸುತ್ತಾರೆ. ಇಲ್ಲಿ ಕೆಲಸ ಮಾಡಲು ಜರ್ಮನಿಯವರು ಅವರಿಗೆ ಕೊಟ್ಟ ಗ್ರೀನ್ ಕಾರ್ಡಿನ ಅವಧಿ ಇನ್ನೂ ಎರಡು ವರ್ಷವಿದೆ.

ಈಗ ಕೇಳು. ಸೈನ್ಯದ ನಿಯಮ, ನೀನು ಎಲ್ಲಿದ್ದೀಯೆಂದು ಬರೆಯುವಂತಿಲ್ಲ, ನಿನ್ನ ತೋಪು ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ನಾನು ಕೇಳುವುದೂ ಇಲ್ಲ. ಆದರೆ ಗಡಿಯಲ್ಲಿ ಕದನವಿರಾಮವಾಗಿ ಐವತ್ಮೂರು ದಿನವಾಯಿತಲ್ಲ, ಗುಂಡು ನಿಂತರೆ ಏನೇನು ಕೇಳಿಸುತ್ತದೆ? ನಾಯಿ ಬೊಗಳುತ್ತವೆಯೇ? ಆಚೆ ಬದಿಯ ಹೆಂಗಸರು ಬಟ್ಟೆ ಒಣಹಾಕುವುದು ಕಾಣುತ್ತದೆಯೇ? ನೀವು ದಿನವಿಡೀ ಏನು ಮಾಡುತ್ತೀರಿ, ಇಸ್ಪೀಟು ಆಡುತ್ತೀರಾ? ನಗಬೇಡವೋ, ಕಾರಣವಿದ್ದೇ ಕೇಳುತ್ತಿದ್ದೇನೆ.

ನಮ್ಮ ಎದುರು ಬಾಗಿಲಿನ ನಾಹೀದ್ ಆಚೆ ಕಡೆಯ ಕಾಶ್ಮೀರದವಳು. ಇಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿಗೆ ಕೆರ್‌ವೋಖ ಎನ್ನುತ್ತಾರೆ. ಒಂದು ವಾರ ನಾವು, ಒಂದು ವಾರ ಅವರು; ಸರದಿ ಮುಗಿಸಿದವರು ಒಂದು ಹಲಗೆಯನ್ನು ಎದುರಿನ ಬಾಗಿಲಿಗೆ ತೂಗುಹಾಕಬೇಕು. ಎರಡು ವರ್ಷದ ಹಿಂದೆ ಸೈನ್ಯಗಳು ಎದುರಾಬದುರಾ ನಿಂತಾಗ ನಾವಿಬ್ಬರೂ ಕಳ್ಳರ ಹಾಗೆ ಹಲಗೆ ತೂಗುಹಾಕಿ ಓಡುತ್ತಿದ್ದೆವು. ನನ್ನ ತಮ್ಮ ಈ ಬದಿಗೆ, ಅವಳ ತಾಯಿ ಆ ಬದಿಗೆ, ಮಾತಾಡುವುದೇನು ಮಣ್ಣು! ಈಗ ಬೆಲ್ ಒತ್ತಿ ಹಲಗೆಯನ್ನು ಕೈಗೇ ಕೊಟ್ಟು, ಚಹಾ ಕುಡಿದು ಹೋಗುತ್ತಾಳೆ.

ಅವಳ ತಾಯಿಯ ಊರು ನದಿಯ ದಂಡೆಗಿದೆಯಂತೆ. ಹಗಲು ಹೊಲಕ್ಕೆ ಹೋದರೆ ಗುಂಡು, ಸಂಜೆ ದೀಪ ಹಚ್ಚಿದರೆ ಗುಂಡು. ಈಗ ಊರಿನ ಶಾಲೆ ತೆರೆದಿದೆ, ಮುದುಕಿ ಅಂಗಳದಲ್ಲಿ ಒಲೆ ಹೂಡಿ ರೊಟ್ಟಿ ಸುಡುತ್ತಾಳೆ. ಆದರೂ ಮಲಗುವುದು ಮಾತ್ರ ನೆಲದೊಳಗಿನ ಕೋಣೆಯಲ್ಲೇ. "ನಿಲ್ಲಿಸ್ಯಾರ, ಮುಗಿಸಿಲ್ಲ" ಎಂಬಂಥ ಮಾತನ್ನು ಮಗಳಿಗೆ ಫೋನಿನಲ್ಲಿ ಹೇಳಿದಳಂತೆ. ಅಂದಿನಿಂದ ನನಗೂ ಅದೇ ಯೋಚನೆ. ನಿಲ್ಲಿಸಿದ್ದು ಮುಗಿಯುವುದು ಯಾವಾಗ? ದೊಡ್ಡವರು ಕೂತು ಸಹಿ ಹಾಕಿದರೆ ಸಾಕೋ, ಆ ಮುದುಕಿ ಮೇಲೆ ಬಂದು ಮಲಗಬೇಕೋ?

ನಾಹೀದಳ ಐದು ವರ್ಷದ ಮಗಳು ಅಜ್ಜಿಯನ್ನು ಕಂಡೇ ಇಲ್ಲ. ಮಾರ್ಚಿನಲ್ಲಿ ಕರೆದುಕೊಂಡು ಹೋಗಬೇಕೆಂದು ಅವಳ ಆಸೆ, ಗಂಡ ಬೇಡವೆನ್ನುತ್ತಾನೆ. ಈ ಕದನವಿರಾಮ ಬಾಳಿಕೆ ಬರುತ್ತದೆಯೇ, ನಿನ್ನ ತಮ್ಮನನ್ನು ಕೇಳು ಎಂದು ನನ್ನ ಬೆನ್ನು ಹತ್ತಿದ್ದಾಳೆ. ನಿನಗೆ ತಿಳಿದಷ್ಟು ಹೇಳು.

ಅವ್ವನಿಗೆ ಆಗಾಗ ಫೋನು ಮಾಡು. ಬಸವಣ್ಣ ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಮಧುಮತಿ

ತಾ.ಕ.: ಒಂದು ತಪ್ಪು ಮಾಡಿದ್ದೇನೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಬೈಯಬೇಡ. ಸಂಕ್ರಾಂತಿಯ ದಿನ ನಾಹೀದಳಿಗೆ ಕುಸುರೆಳ್ಳು ಕೊಟ್ಟು, ಇದನ್ನು ತಿಂದವರು ಒಳ್ಳೆಯ ಮಾತನ್ನೇ ಆಡಬೇಕು ಎಂದೆ. ಬಾಯಲ್ಲಿ ಎಳ್ಳಿರುವಾಗಲೇ ಅವಳು ಮತ್ತೆ ಕೇಳಿದಳು. ಆ ಹೊತ್ತಿನಲ್ಲಿ ಕೆಟ್ಟ ಮಾತು ಹೇಗೆ ಆಡಲಿ? ತಮ್ಮನ ಕಾಗದ ಬಂದಿದೆ, ಬಾಳಿಕೆ ಬರುತ್ತದಂತೆ ಎಂದುಬಿಟ್ಟೆ. ನಿನ್ನೆ ಎರಡು ಟಿಕೆಟ್ ತಂದು ತೋರಿಸಿದಳು, ಮಾರ್ಚ್ ಹನ್ನೆರಡಕ್ಕೆ. ಮಗು ಆಗಲೇ ಚೀಲ ತುಂಬಿಕೊಳ್ಳುತ್ತಿದೆ. ಕಾಗದ ಮುಟ್ಟಿದ ಕೂಡಲೇ ಫೋನು ಮಾಡು. ಬಾಳಿಕೆ ಬರುವುದಿಲ್ಲವೆಂದರೆ ಅವಳ ಬಾಗಿಲು ಬಡಿದು, ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಸುಳ್ಳೂ ಇದೆ. ನೀನು ಸೈನ್ಯದಲ್ಲಿ ಅಡುಗೆಯವನೆಂದು ಹೇಳಿದ್ದೇನೆ. ತೋಪು ಹಾರಿಸುವವನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.