ಎತ್ತುವ ತಂಡದ ತೋಳುಪಟ್ಟಿ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಚಿನಕುರುಳಿಗೆ,

ಹೇಗಿದ್ದೀಯ ಮಗಳೇ? ದಿನವಿಡೀ ಆ ಕುರ್ಚಿಯ ಚಕ್ರ ತಳ್ಳಿ ತಳ್ಳಿ ಭುಜ ನೋಯುತ್ತದೆ ಅಂತ ಬರೆದಿದ್ದೆ, ಈಗ ಹೇಗಿದೆ? ನಿಮ್ಮ ಯಜಮಾನರು, ಆ ಮೌನಿ, ಹೇಗಿದ್ದಾರೆ? ಕೆಮ್ಮು ಬಿಟ್ಟಿತಾ? ಕೆಮ್ಮಿದರಾದರೂ ಅವರ ದನಿ ಕೇಳುತ್ತಿತ್ತು ಅಂತ ನೀನು ತಮಾಷೆ ಮಾಡುತ್ತಿರಬೇಕು. ಬಟಾಣಿಗೆ ಮುಂದಿನ ಹಲ್ಲು ಬಂತೋ, ಇಲ್ಲ ಇನ್ನೂ ಸೀಟಿ ಹೊಡೆದ ಹಾಗೇ ಮಾತಾಡುತ್ತಾಳೋ? ನಿಮ್ಮಮ್ಮ ಬಿ.ಪಿ. ಮಾತ್ರೆ ನುಂಗುತ್ತಿದ್ದಾಳಾ? ನನ್ನ ತಂಗಿ ಚಿಕ್ಕಂದಿನಿಂದಲೂ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುವವಳು. ಒಂದು ಸಲ ದಿಂಬು ಎತ್ತಿ ನೋಡು, ಔಷಧಿ ಅಂಗಡಿಯೇ ಸಿಕ್ಕೀತು.

ನಾನು ಚೆನ್ನಾಗಿದ್ದೇನೆ. ಹೊಲಿಗೆ ನಡೆಯುತ್ತಿದೆ. ಕಾಲಿನ ಮಷೀನಿಗೆ ಸ್ವಲ್ಪ ದಿನ ರಜೆ ಕೊಟ್ಟು ಕೈಯಲ್ಲೇ ಹೊಲಿಯುತ್ತಿದ್ದೇನೆ. ಕಿಟಕಿ ಪಕ್ಕ ಕೂತರೆ ಬೆಳಕೂ ಚೆನ್ನಾಗಿ ಬೀಳುತ್ತದೆ, ಬೀದಿಯೂ ಕಾಣುತ್ತದೆ. ಹೊರಗೆ ಹೋಗದಿದ್ದರೂ ಊರಿನ ಸುದ್ದಿಯೆಲ್ಲ ತಾನಾಗಿ ಕಿಟಕಿಗೆ ಬರುತ್ತದೆ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ನೀನು ಕೇಳಿದ್ದು ಒಂದೇ ಮಾತು: ಈ ಸಲ ಕೂಡುಹಾಡಿಗೆ ಬರಲಾ ದೊಡ್ಡಮ್ಮ, ಬಟಾಣಿಯನ್ನೂ ಕರೆದುಕೊಂಡು ಬರಲಾ, ಅಷ್ಟು ಜನರ ನಡುವೆ ಅಮ್ಮ ಹಾಡುವುದನ್ನು ಅವಳು ಕೇಳೇ ಇಲ್ಲ ಅಂತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಬರೆದಿದ್ದೆ. ನನ್ನನ್ನು ಯಾರೋ ಎತ್ತಿಕೊಂಡು ಹೋಗುವುದನ್ನು ಮಾತ್ರ ಅವಳು ನೋಡಬಾರದು ಅಂತ. ಆ ಸಣ್ಣ ಅಕ್ಷರವೇ ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿತು.

ಕಳೆದ ಸಲ ನೀನು ಬಂದಾಗಿನ ಸಂಗತಿ ನಿನ್ನ ಆ ಪತ್ರ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಬೇಕರಿಯ ಪೈಲ್ವಾನ ಮತ್ತೆ ಅವನ ಗೆಳೆಯರು ನಿನ್ನನ್ನು ಮೆಟ್ಟಿಲು ಹತ್ತಿಸಿ ಸಭಾಂಗಣದೊಳಗೆ ಕೂರಿಸಿದ್ದು ನೋಡಿದ್ದೆ. ಎಷ್ಟು ಒಳ್ಳೆಯ ಹುಡುಗರು ಅಂತ ಕಣ್ಣು ತುಂಬಿ ಬಂದಿತ್ತು. ನಿನ್ನ ಗಾಲಿ ಕುರ್ಚಿ ಕೆಳಗೇ ಉಳಿದಿದ್ದು, ನೀನು ಸಂಜೆವರೆಗೆ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಟ್ಟ ಮೂಟೆಯ ಹಾಗೆ ಕೂತಿದ್ದು, ಬಚ್ಚಲಿಗೆ ಹೋಗಬೇಕಾದೀತು ಅಂತ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಹಾಡಿದ್ದು, ಇದ್ಯಾವುದೂ ನನಗೆ ಕಂಡಿರಲಿಲ್ಲ. ಅವತ್ತು ಚಹಾ ಹಂಚುತ್ತಾ ಬಂದವಳು ನಾನೇ. ನೀನು ಬೇಡ ಅಂದೆ. ಗಂಟಲಿಗೆ ಜೋಪಾನ ಮಾಡುತ್ತಿದ್ದಾಳೆ ಅಂದುಕೊಂಡೆ.

ಹಾಗಾಗಿ ಈ ಸಲ ಕೂಡುಹಾಡಿನ ಸಮಿತಿಯಲ್ಲಿ ನಾನು ಬಾಯಿ ಬಿಟ್ಟೆ. ಇಷ್ಟು ವರ್ಷ ಪರದೆ ಹೊಲಿದು, ಚಹಾ ಸೋಸಿ ಸುಮ್ಮನಿದ್ದವಳು ಎದ್ದು ನಿಂತದ್ದು ನೋಡಿ ಎಲ್ಲರಿಗೂ ಆಶ್ಚರ್ಯ. ನೀನು ಕಾಣದ್ದೇನಲ್ಲ, ಕೂಡುಹಾಡು ಅಂದರೆ ಸಂಬಳದವರು ಒಬ್ಬರೂ ಇಲ್ಲ. ಕಸ ಗುಡಿಸುವವರಿಂದ ಹಿಡಿದು ಹಾಡಿಸುವವರವರೆಗೆ ಎಲ್ಲರೂ ಮನಸ್ಸಿದ್ದು ಬಂದವರೇ. ಸುತ್ತಮುತ್ತಲ ಊರುಗಳಿಂದಲೂ ಜನ ಬಂದು ಒಂದು ದಿನ ಒಟ್ಟಿಗೆ ಹಾಡಿ ಹೋಗುತ್ತಾರೆ. ಅಂಥ ಜನಕ್ಕೆ ಬಿಡಿಸಿ ಹೇಳಿದರೆ ಸಾಕು ಅಂತ ನಾನು ನಂಬಿದ್ದೆ.

ಅಧ್ಯಕ್ಷರು, ಅದೇ ನಿನ್ನ ದವಡೆ ಹಲ್ಲು ಕಿತ್ತ ಡಾಕ್ಟರು, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಕ್ಕರು. ಅಯ್ಯೋ, ಅದಕ್ಯಾಕಮ್ಮ ಇಷ್ಟು ಪೀಠಿಕೆ, ನಾವೆಲ್ಲ ಇಲ್ವಾ ಅಂದರು. ಪೈಲ್ವಾನ ಎದೆ ಮುಟ್ಟಿಕೊಂಡು, ಹೂವಿನ ಥರ ಎತ್ಕೊಂಡ್ ಹೋಗ್ತೀನಿ ಅಕ್ಕಾ, ಒಂದ್ ಎಸಳೂ ಉದುರಲ್ಲ ಅಂದ. ಅವಳು ಹೂವೂ ಅಲ್ಲ, ನಿನ್ನ ಮೈದಾ ಚೀಲವೂ ಅಲ್ಲ ಕಣೋ, ಅವಳಿಗೆ ಬೇಕಾದಾಗ ಬರಬೇಕು, ಬೇಕಾದಾಗ ಹೋಗಬೇಕು, ನಿನ್ನನ್ನ ಕೂಗಿ ಕರೆದು ಅಲ್ಲ ಅಂದೆ. ಎಲ್ಲರೂ ನಕ್ಕರು. ಮೈದಾ ಚೀಲದ ಮಾತಿಗೆ ನಕ್ಕರು ಮಗಳೇ, ಉಳಿದದ್ದು ಯಾರ ಕಿವಿಗೂ ಬೀಳಲಿಲ್ಲ.

ಬಚ್ಚಲಿನ ವಿಷಯ ಎತ್ತಿದೆ. ಡಾಕ್ಟರು ಕೆಮ್ಮಿದರು. ಊರಿನವರೆಲ್ಲ ಅವರ ಮುಂದೆ ಬಾಯಿ ತೆರೆದು ಕೂರುತ್ತಾರೆ, ಆದರೂ ಬಚ್ಚಲು ಅಂದರೆ ಅವರಿಗೆ ನಾಚಿಕೆ. ಹೋದ ಸಲ ಅವಳೇನೂ ಕೇಳಲಿಲ್ಲವಲ್ಲ, ಸುಧಾರಿಸಿಕೊಂಡಳಲ್ಲ ಅಂದರು. ಇಂಥವರು ನಮ್ಮಲ್ಲಿ ಬರುವುದೇ ಇಲ್ಲ, ಯಾರಿಗೆ ಅಂತ ಮಾಡುವುದು ಅಂತ ಹಿಂದಿನಿಂದ ಯಾರೋ ಅಂದರು. ಯಾಕೆ ಬರುವುದಿಲ್ಲ ಅಂತ ಕೇಳಿದ್ದೀರಾ ಅಂದೆ. ಬಂದರೆ ಕೇಳಬಹುದು ಅಂದರು! ದಾರಕ್ಕೆ ಎರಡು ತುದಿಯಾದರೂ ಇರುತ್ತದೆ, ಈ ಮಾತಿಗೆ ಒಂದೂ ಇಲ್ಲ.

ಬಡಗಿ ಒಬ್ಬ ಮಾತ್ರ ನನ್ನ ಕಡೆಗಿದ್ದ. ಟೇಪು ಹಿಡಿದು ಮೆಟ್ಟಿಲೆಲ್ಲ ಅಳೆದು, ಇಳಿಜಾರು ಮಾಡಬಹುದು ಅಕ್ಕಾ, ಆದರೆ ಉದ್ದ ಬೇಕು, ಬೀದಿಯವರೆಗೆ ಬರುತ್ತೆ ಅಂದ. ಬೀದಿಯವರೆಗೆ ಬಂದರೆ ಚಹಾದ ಮೇಜು ಜರುಗಿಸಬೇಕು. ಅಷ್ಟಕ್ಕೇ ಸಭೆ ಬೆಚ್ಚಿಬಿತ್ತು. ಮೊದಲ ವರ್ಷದಿಂದ ಅಲ್ಲೇ ಇದೆ, ಬಂದವರು ಮೊದಲು ನೋಡುವುದೇ ಅದನ್ನು, ಅದನ್ನು ಜರುಗಿಸಿದರೆ ಕೂಡುಹಾಡು ಕೂಡುಹಾಡಾಗಿ ಉಳಿಯುತ್ತದಾ ಅಂದರು. ಆ ಮೇಜಿನ ಹಿಂದೆ ಇಷ್ಟು ವರ್ಷ ನಿಂತವಳು ನಾನು, ಜರುಗಿಸಿ ಅಂದೆ. ನಿನಗೆ ದಣಿವಾಗಿದೆಯಮ್ಮ ಅಂದರು.

ಕೊನೆಗೆ ಪಕ್ಕದ ಬಾಗಿಲು ಅಂತಾಯಿತು. ಅಲ್ಲಿ ಪಿಯಾನೊ ಇಳಿಸುವ ಹಲಗೆ ಇದೆಯಲ್ಲ, ಅದನ್ನೇ ಹಾಕಿದರಾಯಿತು ಅಂದರು. ಪಿಯಾನೊ ಹತ್ತುತ್ತದಂತೆ, ಅವಳು ಹತ್ತಲ್ವಾ ಅಂತ. ಪಿಯಾನೊಗೆ ಮಗಳಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ಇಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಕಣ್ಣಾರೆ ನೋಡಿದರೆ ತಿಳಿದೀತು ಅಂತ ಔಷಧಿ ಅಂಗಡಿಯವನ ಹತ್ತಿರ ಒಂದು ಗಾಲಿ ಕುರ್ಚಿ ಕೇಳಿ ತಂದು, ನಾನೇ ಕೂತು ತೋರಿಸುತ್ತೇನೆ ಅಂದೆ. ಎಲ್ಲರನ್ನೂ ಪಕ್ಕದ ಬಾಗಿಲಿಗೆ ಕರೆಸಿದೆ. ಹಲಗೆ ಹತ್ತುವುದು ಗೋಡೆ ಹತ್ತಿದ ಹಾಗಿತ್ತು. ನನ್ನ ಕೈಯಲ್ಲಿ ಬಲವಿದ್ದಷ್ಟು ಹೊತ್ತು ಚಕ್ರ ತಿರುಗಿತು. ನಡುವೆ ನಿಂತಿತು, ಆಮೇಲೆ ಹಿಂದಕ್ಕೆ ಜಾರತೊಡಗಿತು. ಸರಿ, ಈಗ ನೋಡಲಿ ಅಂದುಕೊಂಡೆ. ಅಷ್ಟರಲ್ಲಿ ಪೈಲ್ವಾನ ಮತ್ತೆ ಅವನ ಗೆಳೆಯರು ಓಡಿ ಬಂದು ಕುರ್ಚಿ ಸಮೇತ ನನ್ನನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟರು.

ಅಷ್ಟೆತ್ತರದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಮಗಳೇ. ನಿನಗೆ ನಾನು ಹೇಳಬೇಕಾ. ಕೆಳಗೆ ಬರೀ ತಲೆಗಳು. ನಮ್ಮ ಮನೆತನದ ಬುದ್ಧಿ ನಿನಗೆ ಗೊತ್ತಲ್ಲ, ಭಯವಾದರೆ ನಗು ಬರುತ್ತದೆ. ನಿಮ್ಮಮ್ಮ ಬಾವಿಗೆ ಬಿದ್ದಾಗಲೂ ನಗುತ್ತಲೇ ಕೂಗಿದ್ದಳು, ಆಡುತ್ತಿದ್ದಾಳೆ ಅಂದುಕೊಂಡು ಯಾರೂ ತಿರುಗಿ ನೋಡಿರಲಿಲ್ಲ. ನನಗೂ ಹಾಗೇ ಆಯಿತು. ಇಳಿಸ್ರೋ ಇಳಿಸ್ರೋ ಅಂತ ನಕ್ಕೆ, ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೆಳಗೆ ಚಪ್ಪಾಳೆ. ನೋಡಿ ಎಷ್ಟು ಸುಲಭ, ಅಜ್ಜಿಗೆ ಎಷ್ಟು ಖುಷಿ ಅಂದರು. ಯಾರೋ ಫೋಟೋ ತೆಗೆದರು.

ಈಗ ಆ ಫೋಟೋ ಈ ವರ್ಷದ ಪೋಸ್ಟರು. ನಾನು ಗಾಳಿಯಲ್ಲಿ, ಬಾಯಿ ಕಿವಿವರೆಗೆ. ಕೆಳಗೆ ದಪ್ಪಕ್ಷರದಲ್ಲಿ "ಎಲ್ಲರೂ ಬನ್ನಿ, ಎಲ್ಲರಿಗೂ ಜಾಗವಿದೆ" ಅಂತ. ಬೇಕರಿಯ ಗಾಜಿನ ಮೇಲೆ ಒಂದು, ನನ್ನ ಕಿಟಕಿಯ ಎದುರಿನ ಕಂಬದ ಮೇಲೆ ಒಂದು. ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರೆ ನನ್ನನ್ನೇ ನೋಡಿ ನಾನು ನಗುತ್ತಿರುತ್ತೇನೆ.

ಕೊನೆಯ ಸಭೆಗೆ ನನಗೆ ಹೋಗಲಾಗಲಿಲ್ಲ. ಬೇಕರಿಯ ಮಹಡಿಯಲ್ಲಿ ಇಟ್ಟುಕೊಂಡಿದ್ದರು. ನೆಗಡಿ ಅಂತ ಹೇಳಿ ಕಳಿಸಿದೆ. ಮಾರನೆಯ ದಿನ ಬಡಗಿ ಬಂದು ಬಾಗಿಲಲ್ಲೇ ನಿಂತ, ಕಿವಿಯ ಪೆನ್ಸಿಲು ತೆಗೆದು ತಿರುಗಿಸುತ್ತಾ. ಇಳಿಜಾರೂ ಬೇಡ, ಹಲಗೆಯೂ ಬೇಡ, ಎತ್ತುವುದಕ್ಕೇ ಒಂದು ತಂಡ ಮಾಡೋಣ ಅಂತ ತೀರ್ಮಾನ ಆಯ್ತು ಅಕ್ಕಾ, ಎಲ್ಲರೂ ಕೈ ಎತ್ತಿದರು ಅಂದ. ನೀನೂ ಎತ್ತಿದೆಯೇನೋ ಅಂದೆ. ನೆಲ ನೋಡಿಕೊಂಡು, ನಾನೊಬ್ಬ ಎತ್ತದೆ ಹೇಗಿರಲಿ ಅಕ್ಕಾ ಅಂದ. ಆಮೇಲೆ ಕಂಕುಳಲ್ಲಿದ್ದ ಕಿತ್ತಳೆ ಬಣ್ಣದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ. ತಂಡದವರಿಗೆ ತೋಳುಪಟ್ಟಿ ಬೇಕಂತೆ. ಹೊಲಿಗೆ ನಿಮ್ಮದೇ ಆಗಬೇಕು ಅಂತ ಡಾಕ್ಟರು ಹೇಳಿದ್ದಾರಂತೆ.

ಹೊಲಿದುಕೊಟ್ಟೆ ಚಿನಕುರುಳಿ. ಬೈಯಬೇಕು ಅನ್ನಿಸಿದರೆ ಬೈದುಬಿಡು. ನಾನು ಬೇಡ ಅಂದರೆ ಬೇರೆ ಯಾರೋ ಸೊಟ್ಟ ಹೊಲಿಯುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಮತ್ತೆ ಮೊದಲಿನಿಂದ ಹೇಳಬೇಕು, ಮತ್ತೆ ನಗುತ್ತಾರೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದು ಸಾಕಾಯಿತು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಹಿಂದೊಮ್ಮೆ ಜ್ವರದಲ್ಲಿ ನಾನು ಮಲಗಿದ್ದಾಗ ದಿನಾ ಬಾಗಿಲಿಗೆ ಬಿಸಿ ಬ್ರೆಡ್ಡು ತಂದಿಟ್ಟವನು ಆ ಪೈಲ್ವಾನ. ನನ್ನ ಹಲ್ಲಿಗೆ ಡಾಕ್ಟರು ಇವತ್ತಿನವರೆಗೆ ಒಂದು ಕಾಸು ಮುಟ್ಟಿಲ್ಲ. ಒಳ್ಳೆಯವರ ಜೊತೆ ಜಗಳ ಆಡುವುದು ಹೇಗೆ ಅಂತ ನನಗೆ ಯಾರೂ ಕಲಿಸಲಿಲ್ಲ. ಅವರಿಗೆ ಎತ್ತುವುದರಲ್ಲಿ ಸಂತೋಷವಿದೆ. ಇಳಿಜಾರು ಬಂದರೆ ಆ ಸಂತೋಷ ಹೋಗುತ್ತದೆ. ಇದು ಅವರಿಗೇ ಗೊತ್ತಿಲ್ಲ, ನಾನು ಹೇಳಿದರೂ ಒಪ್ಪುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಬರಬೇಡ ಮಗಳೇ. ಬರೆಯುವುದಕ್ಕೆ ಕೈ ಬರುತ್ತಿಲ್ಲ, ಆದರೂ ಬರೆದೆ. ಬಂದರೆ ಕಿತ್ತಳೆ ಪಟ್ಟಿಯವರು ಬೀದಿಯಲ್ಲೇ ನಿನಗಾಗಿ ಕಾದಿರುತ್ತಾರೆ. ಚಪ್ಪಾಳೆಯೂ ಇರುತ್ತದೆ. ಬಟಾಣಿ ಎಲ್ಲವನ್ನೂ ನೋಡುತ್ತಾಳೆ. ಬಚ್ಚಲಿನ ಮೆಟ್ಟಿಲು ಇದ್ದಲ್ಲೇ ಇದೆ. ಕೆಳದನಿಯ ಸಾಲಿನಲ್ಲಿ ನಿನ್ನ ಜಾಗ ಈ ಸಲ ಖಾಲಿ ಬಿದ್ದಿರುತ್ತದೆ. ಹಾಡಿಸುವವರು ಹೋದ ವಾರವೂ ಅಂದರಂತೆ, ಆ ದನಿ ಇದ್ದಿದ್ದರೆ ಅಂತ. ಮನೆಯಲ್ಲೇ ಅವಳಿಗೆ ಹಾಡಿ ಕೇಳಿಸು ಅಂತ ಬರೆಯಬಹುದಿತ್ತು. ಅದು ಸಮಾಧಾನದ ಮಾತಲ್ಲ ಅಂತ ನನಗೆ ಗೊತ್ತು. ಮುಂದಿನ ವರ್ಷ ಅಂತಲೂ ಬರೆಯುವುದಿಲ್ಲ.

ಮೌನಿಗೆ ಕೇಳಿದೆ ಅಂತ ಹೇಳು. ನಿಮ್ಮಮ್ಮನ ದಿಂಬು ಮರೆಯಬೇಡ. ಬಟಾಣಿಗೆ ಮುತ್ತು.

ನಿನ್ನ
ದೊಡ್ಡಮ್ಮ

ಮರೆತಿದ್ದು: ಔಷಧಿ ಅಂಗಡಿಯವನ ಕುರ್ಚಿ ನಾನಿನ್ನೂ ವಾಪಸು ಕೊಟ್ಟಿಲ್ಲ. ಅವತ್ತು ಅದರಲ್ಲಿ ಕೂತಾಗ ಮಂಡಿಗಳು ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೋವು ಮರೆತು ಸುಮ್ಮನಾದವು. ಆಮೇಲೆ ಅವು ನನ್ನನ್ನು ಹೊರುವುದನ್ನೇ ಬಿಟ್ಟವು. ಮೆಟ್ಟಿಲು ಹತ್ತುವ ಮಾತು ಇನ್ನಿಲ್ಲ ಅಂದಿದ್ದಾರೆ ಆಸ್ಪತ್ರೆಯಲ್ಲಿ. ನಿಮ್ಮಮ್ಮನಿಗೆ ಹೇಳಬೇಡ. ಸಮಿತಿಯವರಿಗೆ ಇನ್ನೂ ನೆಗಡಿ ಅಂತಲೇ ಹೇಳಿದ್ದೇನೆ, ನಿಜ ಗೊತ್ತಾದರೆ ತೋಳುಪಟ್ಟಿ ಕಟ್ಟಿಕೊಂಡು ಮೊದಲು ನನ್ನ ಬಾಗಿಲಿಗೇ ಬರುತ್ತಾರೆ. ಕೂಡುಹಾಡಿನ ದಿನ ಕಿಟಕಿ ತೆರೆದಿಟ್ಟುಕೊಳ್ಳುತ್ತೇನೆ, ಗಾಳಿ ಈ ಕಡೆ ಬೀಸಿದರೆ ಒಂದೆರಡು ಹಾಡು ಕೇಳೀತು. ಬಾಗಿಲಿನ ಹೊಸ್ತಿಲಲ್ಲಿ ಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಯಾರನ್ನೂ ಕರೆಯದೆ ನೀನು ಅದನ್ನು ಹೇಗೆ ದಾಟಿಸುತ್ತೀಯ? ಬೇಗ ಬರೆ.